ಚೇಂಬರ್ ಬಿಚ್ಚುವಾಗ ಮರದ ತುಂಡು ಏಕೆ?

ತರಗತಿ: 8
ಘಟಕ: ಬಲ ಮತ್ತು ಒತ್ತಡ
ಕಲಿಕಾ ಫಲ: ಬಲ ಒಂದೇ ಇದ್ದರೂ ವಿಸ್ತೀರ್ಣ ಕಡಿಮೆಯಾದಂತೆ ಒತ್ತಡ ಹೆಚ್ಚುತ್ತದೆ ಎಂಬುದನ್ನು ದಿನಬಳಕೆಯ ಕೆಲಸಕ್ಕೆ ಅನ್ವಯಿಸುವರು.

ಪೀಠಿಕೆ: ರಸ್ತೆಯ ಕಲ್ಲು ತಗುಲಿ ಸಣ್ಣ ಕಾರಿನ ‘ಚೇಂಬರ್’ ಒಡೆದದ್ದನ್ನು ಮಕ್ಕಳು ಕೇಳಿರುತ್ತಾರೆ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯೇ ಅದು. ಆಯಿಲ್ ಸೋರಿಹೋದರೆ ಎಂಜಿನ್ ಹಿಡಿದುಕೊಳ್ಳುತ್ತದೆ.

ಸಮಸ್ಯೆ: ಆಯಿಲ್ ಇಳಿಸಿ, ಸುತ್ತಲಿನ ಬೋಲ್ಟುಗಳನ್ನೆಲ್ಲ ತೆಗೆದರೂ ಚೇಂಬರ್ ಕಳಚುವುದಿಲ್ಲ, ಅಂಟು ಹಿಡಿದಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಂಚು ಸೊಟ್ಟಗಾಗಿ ಮತ್ತೆ ಸೋರುತ್ತದೆ. ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದರೆ ಹಾನಿಯಿಲ್ಲದೆ ಬಿಡುತ್ತದೆ. ಏಕೆ?

ಚಟುವಟಿಕೆ: ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು, ಇಟ್ಟಿಗೆ ಸುಲಭವಾಗಿ ಸಿಗುತ್ತದೆ. ಒದ್ದೆ ಮರಳಿನ ಮೇಲೆ ಅದನ್ನು ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ, ಗುರುತಿನ ಆಳ ಅಳೆಯಿಸಿ. 19×9×9 ಸೆಂ.ಮೀ. ಇಟ್ಟಿಗೆಗೆ ವಿಸ್ತೀರ್ಣ 171 ಮತ್ತು 81 ಚ.ಸೆಂ.ಮೀ. ಭಾರ ಅದೇ, ನಿಂತಾಗ ಒತ್ತಡ ಎರಡು ಪಟ್ಟಿಗೂ ಹೆಚ್ಚು. ಸ್ಕ್ರೂಡ್ರೈವರಿನ ಮೊನೆಯೂ ಹಾಗೆಯೇ.

ಎಚ್ಚರಿಕೆ: ಗ್ಯಾರೇಜಿನಿಂದ ತಂದ ಹಳೆಯ ಚೇಂಬರನ್ನು ಮಾತ್ರ ತೋರಿಸಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಯಾರೂ ನುಗ್ಗಬಾರದು. ಹಳೆ ಆಯಿಲನ್ನು ನೆಲಕ್ಕೆ ಸುರಿಯಬಾರದು. ಕೋಲಾರದ ಹಲವರು ಕುಡಿಯುವುದು ಬೋರ್‌ವೆಲ್ ನೀರು.

ಮೌಲ್ಯಮಾಪನ: ಮಣ್ಣು ನೆಲದಲ್ಲಿ ಜಾಕ್ ಕೆಳಗೆ ಹಲಗೆ ಇಡುವುದೇಕೆ?