ಹಳೆಯ ಜೀಪಿನ ಸದ್ದು

ವೈದ್ಯನು ಮದ್ದು ಕೊಡುವ ಮುನ್ನ ನಾಡಿ ಹಿಡಿಯುವನು. ಹಳೆಯ ಜೀಪು ಸದ್ದು ಮಾಡಿದರೆ ನಾವೂ ಪಾನಾ ಹಿಡಿಯುವ ಮುನ್ನ ಕಿವಿಗೊಡಬೇಕು. 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಯುದ್ಧ ಜೀಪನ್ನೇ ತೆಗೆದುಕೊಳ್ಳೋಣ. ಎಂಜಿನ್ನಿನ ಶಕ್ತಿಯು ಕ್ಲಚ್, ಗೇರ್‌ಪೆಟ್ಟಿಗೆಗಳನ್ನು ದಾಟಿ, ಟ್ರಾನ್ಸ್‌ಫರ್ ಪೆಟ್ಟಿಗೆಯಲ್ಲಿ ಎರಡು ಪಾಲಾಗಿ, ಎರಡು ದಂಡಗಳ ಮೂಲಕ ಹಿಂದು ಮುಂದಿನ ಅಚ್ಚುಗಳನ್ನು ಸೇರುವುದು.

ಲೋಹದಲ್ಲಿ ಸದ್ದು ಹರಡುವುದರಿಂದ ಕಿವಿಯು ಸ್ಥಳವನ್ನು ತಪ್ಪಾಗಿ ಹೇಳಬಹುದು. ಆದುದರಿಂದ ಸದ್ದು ಯಾವಾಗ ಬದಲಾಗುವುದೆಂದು ಮೊದಲು ನೋಡಬೇಕು. ವಾಹನವು ಗೇರಿಲ್ಲದೆ ನಿಂತಿರುವಾಗ, ಕ್ಲಚ್ ಒತ್ತಿದೊಡನೆ ಸದ್ದು ಹುಟ್ಟಿದರೆ ಕ್ಲಚ್ಚಿನ ಬೇರಿಂಗನ್ನು, ಅಡಗಿದರೆ ಗೇರ್‌ಪೆಟ್ಟಿಗೆಯ ಬೇರಿಂಗನ್ನು ಶಂಕಿಸಬೇಕು. ಓಡುವಾಗ ಆಕ್ಸಿಲರೇಟರ್ ಒತ್ತಿದರೆ ಒಂದು ಬಗೆ, ಬಿಟ್ಟರೆ ಇನ್ನೊಂದು ಬಗೆಯ ಊಳು ಕೇಳಿಸಿದರೆ ದೋಷವು ಡಿಫರೆನ್ಷಿಯಲಿನ ಹಲ್ಲುಗಳಲ್ಲಿರಬಹುದು. ತಿರುವಿನಲ್ಲಿ ಮೊರೆತ ಹೆಚ್ಚಿದರೆ ಗಾಲಿಯ ಬೇರಿಂಗನ್ನು ನೋಡಬೇಕು.

ಹೊರಡುವಾಗ ‘ಟಣ್’ ಎಂದರೆ ದಂಡದ ಕೀಲು ಸವೆದಿರಬಹುದು. ಇದನ್ನು ಅಲಕ್ಷಿಸಲಾಗದು, ಕೀಲು ಮುರಿದರೆ ತಿರುಗುವ ದಂಡವೇ ಕಳಚಿ ಪ್ರಾಣಾಪಾಯ ತಂದೀತು. ಎಂಜಿನ್ ಆರಿಸಿ, ಗಾಲಿಗಳಿಗೆ ತಡೆಯಿಟ್ಟು, ದಂಡವನ್ನು ಕೈಯಿಂದ ಅಲುಗಿಸಿದರೆ ಸಡಿಲು ತಿಳಿಯುವುದು.

ಹೀಗೆ ಒಂದೊಂದನ್ನೇ ಬೇರ್ಪಡಿಸಿ ಪರೀಕ್ಷಿಸುವುದು ನಾವು ತರಗತಿಯಲ್ಲಿ ಕಲಿಯುವ ವಿಜ್ಞಾನದ ಕ್ರಮವೇ ಅಲ್ಲವೆ?