ಮನೆಯಲ್ಲೇ ಕಾರಿನ ಸ್ಟೀರಿಂಗ್ ಚಕ್ರ ಬದಲಾವಣೆ: ಕೆಲಸ, ಕಾನೂನು ಮತ್ತು ಲೆಕ್ಕ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ವಡಗೇರಾ ತಾಲ್ಲೂಕು, ಅದರ ಸುತ್ತಲಿನ ಯಾದಗಿರಿ, ಶಹಾಪುರ ಹಾಗೂ ಸುರಪುರ ಭಾಗದ ವ್ಯಾಪಾರಿ ಬಂಧುಗಳಿಗೆ ಕಾರು ಇಂದು ವೈಭವದ ವಸ್ತುವಾಗಿ ಉಳಿದಿಲ್ಲ. ಹತ್ತಿ, ಭತ್ತ, ತೊಗರಿ, ಶೇಂಗಾ ವ್ಯವಹಾರಕ್ಕಾಗಿ ಗಂಜಿನಿಂದ ಗಂಜಿಗೆ, ಬ್ಯಾಂಕಿನಿಂದ ಮಿಲ್ಲಿಗೆ ಓಡಾಡುವ ಕಾರು ತಕ್ಕಡಿಯಷ್ಟೇ ಅವಶ್ಯಕವಾದ ಉಪಕರಣವಾಗಿದೆ. ನಮ್ಮ ಭಾಗದ ಬಿರುಬಿಸಿಲಿನಲ್ಲಿ ನಿಂತ ಕಾರಿನ ಸ್ಟೀರಿಂಗ್ ಚಕ್ರದ ಮೇಲ್ಪದರವು ಕೆಲವೇ ವರ್ಷಗಳಲ್ಲಿ ಸುಲಿಯುವುದು, ಅಂಟಂಟಾಗುವುದು ಸಾಮಾನ್ಯ. ಆಗ ಅನೇಕರು ಹಳೆಯ ಬಿಡಿಭಾಗಗಳ ಅಂಗಡಿಯಿಂದ ಬೇರೊಂದು ಚಕ್ರವನ್ನು ತಂದು ಮನೆಯ ಅಂಗಳದಲ್ಲೇ ಜೋಡಿಸಲು ಮುಂದಾಗುತ್ತಾರೆ. ಈ ಕಾರ್ಯದ ತಾಂತ್ರಿಕ ಕ್ರಮ, ಅನಂತರ ತಲೆದೋರುವ ದೋಷಗಳು, ಕಾನೂನು ಹಾಗೂ ವಿಮೆಯ ಪರಿಣಾಮ, ಲೆಕ್ಕಪತ್ರದ ವಿಧಾನ ಇವುಗಳನ್ನು ಸದಸ್ಯ ಬಂಧುಗಳ ಅವಗಾಹನೆಗೆ ತರುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹಿಂದಿನ ಚಕ್ರವೂ ಇಂದಿನ ಚಕ್ರವೂ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರಲ್ಲಿ ರಸ್ತೆಗಿಳಿದ ಮಾರುತಿ 800 ಕಾರುಗಳ ಕಾಲದಲ್ಲಿ ಸ್ಟೀರಿಂಗ್ ಚಕ್ರವೆಂದರೆ ಒಂದು ಬಳೆ, ನಡುವೆ ಒಂದು ನಟ್ಟು, ಒಂದು ಹಾರ್ನಿನ ಗುಂಡಿ, ಇಷ್ಟೇ. ಪಾನಾ ಹಿಡಿಯಬಲ್ಲ ಯಾವ ಮಿಸ್ತ್ರಿಯೂ ಅದನ್ನು ಬಿಚ್ಚಿ ಕೂಡಿಸುತ್ತಿದ್ದನು. ಈಗಿನ ಚಕ್ರ ಹಾಗಿಲ್ಲ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಈ ಏರ್‌ಬ್ಯಾಗ್ ಇರುವುದು ಚಕ್ರದ ನಡುಭಾಗದಲ್ಲಿಯೇ. ಅದರೊಳಗೆ ವಿದ್ಯುತ್ತಿನಿಂದ ಹೊತ್ತಿಕೊಳ್ಳುವ ಸ್ಫೋಟಕವಿದ್ದು, ಅಪಘಾತವಾದೊಡನೆ ಕಣ್ಣು ಮಿಟುಕಿಸುವುದರೊಳಗೆ ಚೀಲವನ್ನು ಉಬ್ಬಿಸುತ್ತದೆ. ಅರ್ಥಾತ್, ಈಗಿನ ಚಕ್ರವನ್ನು ಬಿಚ್ಚುವವನು ಒಂದು ಸಣ್ಣ ಸಿಡಿಮದ್ದನ್ನು ಕೈಯಲ್ಲಿ ಹಿಡಿದಿರುತ್ತಾನೆ. ಹಳೆಯ ಅನುಭವವೊಂದನ್ನೇ ನೆಚ್ಚಿ ಹೊಸ ಕಾರಿಗೆ ಕೈ ಹಾಕಬಾರದೆಂಬುದಕ್ಕೆ ಇದೇ ಮುಖ್ಯ ಕಾರಣ.

ಏರ್‌ಬ್ಯಾಗ್ ಇರುವ ಚಕ್ರವನ್ನು ತರಬೇತಿ ಪಡೆದ ತಂತ್ರಜ್ಞನೇ ಬದಲಾಯಿಸುವುದು ಕ್ಷೇಮ. ಏರ್‌ಬ್ಯಾಗ್ ಇಲ್ಲದ ಹಳೆಯ ಕಾರಿಗಾದರೆ ಈ ಕೆಲಸ ಮನೆಯಲ್ಲಿ ಸಾಧ್ಯ. ಆದರೆ ಗ್ಯಾರೇಜಿನಲ್ಲಿ ಮಾಡಿಸುವಾಗಲೂ ಕ್ರಮ ತಿಳಿದಿದ್ದರೆ ಕೆಲಸವನ್ನು ಪರಿಶೀಲಿಸಲು ಅನುಕೂಲವಾಗುವುದರಿಂದ ಅದನ್ನು ಇಲ್ಲಿ ವಿವರಿಸಲಾಗಿದೆ.

ಬದಲಾವಣೆಯ ಕ್ರಮ

1. ಕಾರನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳನ್ನು ನೇರವಾಗಿಸಿಕೊಳ್ಳಬೇಕು. ಚಕ್ರದ ಸ್ಥಿತಿಯನ್ನು ಫೋಟೋ ತೆಗೆದುಕೊಂಡಿರಬೇಕು.

2. ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಬ್ಯಾಟರಿ ಕಳಚಿದ ಮೇಲೂ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆಯಲ್ಲಿ ಸ್ವಲ್ಪ ಕಾಲ ವಿದ್ಯುತ್ತು ಸಂಗ್ರಹವಾಗಿರುತ್ತದೆ. ಈ ಕಾಯುವಿಕೆಯನ್ನು ತಪ್ಪಿಸುವುದೇ ಅತ್ಯಂತ ಅಪಾಯಕಾರಿ ಅವಸರ.

3. ಏರ್‌ಬ್ಯಾಗನ್ನು ಕಳಚಿ, ಅದರ ತಂತಿಯ ಕೊಂಡಿಯನ್ನು ಬಿಡಿಸಬೇಕು. ಇದರ ತಂತಿ ಮತ್ತು ಕೊಂಡಿಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಕಳಚಿದ ಏರ್‌ಬ್ಯಾಗನ್ನು ಅಲಂಕಾರದ ಮುಖ ಮೇಲಾಗಿ, ಬಿಸಿಲು ಬೆಂಕಿಗಳಿಂದ ದೂರ ಇಡಬೇಕು. ಮುಖ ಕೆಳಗಾಗಿ ಇಟ್ಟಾಗ ಅದು ಸಿಡಿದರೆ ಇಡೀ ಪೆಟ್ಟಿಗೆಯೇ ಮೇಲಕ್ಕೆ ಹಾರುತ್ತದೆ. ಮಲ್ಟಿಮೀಟರ್ ಹಚ್ಚಿ ಅದನ್ನು ಪರೀಕ್ಷಿಸಲೇಬಾರದು. ಪರೀಕ್ಷೆಯ ಅಲ್ಪ ವಿದ್ಯುತ್ತೂ ಅದನ್ನು ಹೊತ್ತಿಸಬಲ್ಲದು.

4. ಚಕ್ರಕ್ಕೂ ನಡುವಿನ ದಂಡಕ್ಕೂ ಸೇರಿದಂತೆ ಒಂದು ಗುರುತು ಹಾಕಬೇಕು. ನಟ್ಟನ್ನು ಪೂರ್ಣ ತೆಗೆಯದೆ ಎರಡು ಮೂರು ಸುತ್ತು ಉಳಿಸಿ ಪುಲ್ಲರ್ ಬಳಸಬೇಕು. ಇಲ್ಲವಾದರೆ ಬಿಗಿಯಾಗಿ ಕೂತಿದ್ದ ಚಕ್ರ ಹಠಾತ್ತನೆ ಬಿಟ್ಟು ಮುಖಕ್ಕೆ ಬಡಿಯುತ್ತದೆ. ಸುತ್ತಿಗೆಯಿಂದ ಹೊಡೆಯುವುದು ಸಲ್ಲದು. ಅಪಘಾತದಲ್ಲಿ ಕುಗ್ಗಿ ಚಾಲಕನ ಎದೆಯನ್ನು ಉಳಿಸುವಂತೆ ಸ್ಟೀರಿಂಗ್ ಕಾಲಂ ರಚಿತವಾಗಿರುತ್ತದೆ. ಸುತ್ತಿಗೆಯ ಪೆಟ್ಟಿನಿಂದ ಆ ರಚನೆಯೇ ಕೆಡಬಹುದು.

5. ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಎಂಬ ಭಾಗವಿದೆ. ಸುರುಳಿ ಸುತ್ತಿದ ಪಟ್ಟಿಯಂತಹ ತಂತಿ ಅದರೊಳಗಿದ್ದು, ಚಕ್ರ ತಿರುಗುತ್ತಿರುವಾಗಲೂ ಏರ್‌ಬ್ಯಾಗಿಗೆ ಮತ್ತು ಗುಂಡಿಗಳಿಗೆ ವಿದ್ಯುತ್ ಸಂಪರ್ಕವನ್ನು ಕಾಯುತ್ತದೆ. ಚಕ್ರ ಹೊರಬಂದೊಡನೆ ಇದು ತಿರುಗದಂತೆ ಟೇಪು ಹಚ್ಚಬೇಕು.

6. ಗುರುತಿಗೆ ಗುರುತು ಕೂಡಿಸಿ ಹೊಸ ಚಕ್ರವನ್ನು ಕೂರಿಸಿ, ಕೈಪಿಡಿಯಲ್ಲಿ ಹೇಳಿದ ಬಲಕ್ಕೆ ಟಾರ್ಕ್ ಪಾನಾದಿಂದಲೇ ನಟ್ಟನ್ನು ಬಿಗಿಯಬೇಕು. ಹೊಸ ನಟ್ಟು ಬೇಕೆಂದು ತಯಾರಕರು ಹೇಳಿದ್ದರೆ ಹಳೆಯದನ್ನು ಬಳಸಬಾರದು.

7. ಎಲ್ಲ ಕೊಂಡಿಗಳನ್ನು ಜೋಡಿಸಿದ ಮೇಲೆ ಕೊನೆಯಲ್ಲಿ ಬ್ಯಾಟರಿ ತಂತಿ ಹಾಕಬೇಕು. ಮೊದಲ ಸಲ ಕೀಲಿ ತಿರುಗಿಸುವಾಗ ಚಕ್ರದೆದುರು ಯಾರೂ ಇರಬಾರದು.

ತಲೆದೋರುವ ದೋಷಗಳು ಮತ್ತು ಪರಿಹಾರ

ಚಕ್ರ ಓರೆಯಾಗಿರುವುದು: ಕಾರು ನೇರವಾಗಿ ಹೋಗುತ್ತಿದ್ದರೂ ಚಕ್ರ ಒಂದು ಬದಿಗೆ ವಾಲಿದ್ದರೆ ಅದು ಹಲ್ಲು ತಪ್ಪಿ ಕೂತಿದೆ ಎಂದರ್ಥ. ದಂಡಕ್ಕೆ 36 ಹಲ್ಲುಗಳಿದ್ದರೆ ಒಂದು ಹಲ್ಲು ತಪ್ಪಿದಾಗ 10 ಡಿಗ್ರಿ ವ್ಯತ್ಯಾಸವಾಗುತ್ತದೆ. ಇದಕ್ಕೆ ಚಕ್ರವನ್ನು ಮತ್ತೆ ತೆಗೆದು ಸರಿಯಾಗಿ ಕೂರಿಸುವುದೇ ಪರಿಹಾರ. ಒಂದು ಹಲ್ಲಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಮಾತ್ರ ಗಾಲಿಗಳ ಅಲೈನ್‌ಮೆಂಟ್ ಮಾಡುವಾಗ ಟೈ ರಾಡುಗಳನ್ನು ಹೊಂದಿಸಿ ಸರಿಪಡಿಸಬಹುದು.

ಏರ್‌ಬ್ಯಾಗ್ ದೀಪ ಆರದಿರುವುದು: ಕೀಲಿ ತಿರುಗಿಸಿದಾಗ ಈ ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ಕೊಂಡಿ ಸಡಿಲವಾಗಿರಬಹುದು, ಇಲ್ಲವೆ ಕ್ಲಾಕ್ ಸ್ಪ್ರಿಂಗಿನ ತಂತಿ ತುಂಡಾಗಿರಬಹುದು. ದೀಪ ಹೊತ್ತಿಯೇ ಇರುವಾಗ ಏರ್‌ಬ್ಯಾಗ್ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ. ದೀಪದ ತಂತಿಯನ್ನೇ ಕತ್ತರಿಸಿ ದೋಷ ಮುಚ್ಚುವುದು ನಷ್ಟವನ್ನು ಕಿರ್ದಿಯಲ್ಲಿ ಬರೆಯದೆ ಲಾಭ ತೋರಿಸಿದಂತೆಯೇ ಸರಿ.

ಹಾರ್ನ್ ಮತ್ತು ಗುಂಡಿಗಳು ಸ್ತಬ್ಧವಾಗುವುದು: ಹಾರ್ನ್, ಗುಂಡಿಗಳು, ಏರ್‌ಬ್ಯಾಗ್ ದೀಪ ಈ ಮೂರೂ ಒಟ್ಟಿಗೆ ಕೆಟ್ಟಿದ್ದರೆ ಕ್ಲಾಕ್ ಸ್ಪ್ರಿಂಗಿನ ಮೇಲೆಯೇ ಸಂಶಯ ಪಡಬೇಕು. ಹಾರ್ನ್ ಒಂದೇ ಕೆಟ್ಟಿದ್ದರೆ ಅದರ ಸಂಪರ್ಕವನ್ನು, ಫ್ಯೂಜನ್ನು ನೋಡಬೇಕು. ಅದೇ ಕಾರಿನ ಬೇರೆ ಮಾದರಿಯ ಚಕ್ರ ಹಾಕಿದ್ದರೆ ಗುಂಡಿಗಳು ಹೊಂದಿಕೊಳ್ಳದಿರುವುದೂ ಉಂಟು.

ಇಂಡಿಕೇಟರ್ ತಾನಾಗಿ ಆರದಿರುವುದು: ತಿರುವು ಮುಗಿದ ಮೇಲೆ ಇಂಡಿಕೇಟರ್ ಕಡ್ಡಿಯನ್ನು ಹಿಂದಕ್ಕೆ ತಳ್ಳುವ ಸಣ್ಣ ಮೂಗು ಚಕ್ರದ ಹಿಂಭಾಗದಲ್ಲಿ ಅಥವಾ ಕ್ಲಾಕ್ ಸ್ಪ್ರಿಂಗಿನಲ್ಲಿರುತ್ತದೆ. ಅದು ತನ್ನ ಸ್ಥಾನದಲ್ಲಿ ಕೂರದಿದ್ದರೆ ಈ ದೋಷ ಬರುತ್ತದೆ.

ಸ್ಟೀರಿಂಗ್ ಅಥವಾ ಸ್ಥಿರತೆಯ ದೀಪ ಹೊತ್ತುವುದು: ಚಕ್ರ ಎಷ್ಟು ತಿರುಗಿದೆಯೆಂದು ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಶೂನ್ಯಸ್ಥಾನವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಬಹುತೇಕ ಕಾರುಗಳಲ್ಲಿ ಇದಕ್ಕೆ ಸ್ಕ್ಯಾನರ್ ಯಂತ್ರ ಬೇಕು.

ಚಕ್ರ ಅಲುಗಾಡುವುದು: ಈ ದೋಷ ಕಂಡರೆ ಕಾರನ್ನು ಒಂದು ಹೆಜ್ಜೆಯೂ ಓಡಿಸಬಾರದು. ನಟ್ಟು ಸಡಿಲವಾಗಿರಬಹುದು ಅಥವಾ ಹಲ್ಲು ಸವೆದಿರಬಹುದು.

ಕಾನೂನಿನ ದೃಷ್ಟಿ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಮೊಕದ್ದಮೆಯಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮವು ಸ್ಟೀರಿಂಗ್ ಸುಸ್ಥಿತಿಯಲ್ಲಿರಬೇಕೆಂದೂ ಚಕ್ರದಲ್ಲಿನ ಸಡಿಲ 30 ಡಿಗ್ರಿ ಮೀರಬಾರದೆಂದೂ ವಿಧಿಸುತ್ತದೆ.

ಇಲ್ಲಿ ಒಂದು ವಿವೇಚನೆ ಅವಶ್ಯ. ಕಲಮಿನ ವಿವರಣೆಯ ಪ್ರಕಾರ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾತ್ಮಕ ವ್ಯತ್ಯಾಸ. ಸವೆದ ಚಕ್ರದ ಸ್ಥಾನದಲ್ಲಿ ಅದೇ ಮಾದರಿಯ ಚಕ್ರ ಹಾಕುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಆದರೆ ಏರ್‌ಬ್ಯಾಗ್ ಸಹಿತ ಬಂದ ಕಾರಿಗೆ ಅದಿಲ್ಲದ ಅಂದದ ಪುಟ್ಟ ಚಕ್ರವನ್ನು ಹಾಕುವುದು ಕಾನೂನು ಕಡ್ಡಾಯಗೊಳಿಸಿದ ಸುರಕ್ಷತೆಯನ್ನೇ ಕಿತ್ತುಹಾಕಿದಂತೆ. ಹಾಗೆಯೇ ಪಾವತಿ ಇಲ್ಲದೆ ಕೊಂಡ ಹಳೆಯ ಚಕ್ರವು ಕಳವಿನ ಮಾಲಾಗಿದ್ದು, ಕೊಂಡವರಿಗೆ ಅದು ಗೊತ್ತಿದ್ದರೆ ಅಥವಾ ಗೊತ್ತಿರಬೇಕಾಗಿದ್ದ ಕಾರಣವಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಅವರಿಗೂ ಅನ್ವಯಿಸುತ್ತದೆ. ಹಳೆಯ ಏರ್‌ಬ್ಯಾಗ್‌ಗಳ ಅಪಾಯ ಊಹೆಯ ಮಾತಲ್ಲ. ಶಾಖ ಮತ್ತು ತೇವದಿಂದ ಕೆಡುತ್ತಿದ್ದ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ಸಿಡಿದು ಲೋಹದ ಚೂರುಗಳಿಂದ ಪ್ರಾಣಹಾನಿಯಾದುದು, ಕೋಟ್ಯಂತರ ವಾಹನಗಳನ್ನು ಮರಳಿ ಕರೆಯಬೇಕಾದುದು, 2017ರಲ್ಲಿ ಆ ಕಂಪನಿಯೇ ದಿವಾಳಿಯಾದುದು ಜಗತ್ತಿಗೇ ತಿಳಿದ ಸಂಗತಿ.

ವಿಮೆಯ ಪ್ರಶ್ನೆ

ಅಪಘಾತದಲ್ಲಿ ನೊಂದ ಮೂರನೆಯ ವ್ಯಕ್ತಿಗೆ ಕಾನೂನಿನ ರಕ್ಷಣೆ ಬಲವಾಗಿದೆ. ತಂಟೆ ಬರುವುದು ನಮ್ಮ ಸ್ವಂತ ಕಾರಿನ ಹಾನಿಯ ಕ್ಲೇಮಿನಲ್ಲಿ. ವಾಹನವನ್ನು ಸುಸ್ಥಿತಿಯಲ್ಲಿಡಲು ವಿಮಾದಾರನು ಸೂಕ್ತ ಕ್ರಮಗಳನ್ನು ಕೈಗೊಳ್ಳಬೇಕೆಂಬುದು ಪಾಲಿಸಿಯ ಷರತ್ತು. ತಪ್ಪಾಗಿ ಕೂರಿಸಿದ ಚಕ್ರದಿಂದಲೇ ಅಪಘಾತವಾಯಿತೆಂದು ಸರ್ವೇಯರ್ ಬರೆದರೆ ಕ್ಲೇಮು ತಡೆಹಿಡಿಯಲು ಕಂಪನಿಗೆ ಆಧಾರ ಸಿಕ್ಕಂತಾಗುತ್ತದೆ. ಆಗ ಅಧಿಕೃತ ಬಿಲ್ಲು, ಅಲೈನ್‌ಮೆಂಟ್ ವರದಿ ಹಾಗೂ ಸ್ಕ್ಯಾನರ್ ವರದಿಗಳೇ ನಮ್ಮ ಸಾಕ್ಷಿ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೂ ಏರ್‌ಬ್ಯಾಗಿಗೂ ಶೇಕಡಾ 50ರಷ್ಟು ಸವಕಳಿ ಕಳೆದೇ ಹಣ ಸಿಗುತ್ತದೆಂಬುದನ್ನೂ ನೆನಪಿಡಬೇಕು. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ವಿಮಾ ಲೋಕಪಾಲರಲ್ಲಿ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು.

ಲೆಕ್ಕಪತ್ರ ಮತ್ತು ತೆರಿಗೆ

ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡಿದ ವೆಚ್ಚವೇ ಚಾಲ್ತಿ ದುರಸ್ತಿ. ವ್ಯಾಪಾರಕ್ಕೆ ಬಳಸುವ ಕಾರಿನ ಸವೆದ ಚಕ್ರದ ಬದಲಾವಣೆ ಈ ವರ್ಗಕ್ಕೆ ಸೇರುವುದರಿಂದ 1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಕಲಮಿನಂತೆ ಆ ವರ್ಷದ ಖರ್ಚಾಗಿ ಪೂರ್ಣ ಕಳೆಯಬಹುದು. ಕಾರಿನ ಬೆಲೆಗೆ ಸೇರಿಸಿ ವರ್ಷಕ್ಕೆ ಶೇಕಡಾ 15ರ ಸವಕಳಿಗೆ ಕಾಯಬೇಕಾಗಿಲ್ಲ. ಸ್ವಂತ ಬಳಕೆಯೂ ಇದ್ದರೆ ಆ ಪ್ರಮಾಣದ ವೆಚ್ಚ ಬಿಡಬೇಕು. 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿದ್ದರೂ ಮೂಲ ತತ್ತ್ವಗಳು ಇವೇ. ವಹಿವಾಟಿನ ಶೇಕಡಾವಾರು ಅಂದಾಜು ಲಾಭದ ಯೋಜನೆ ಕಮಿಷನ್ ಹಾಗೂ ದಲಾಲಿ ಆದಾಯಕ್ಕೆ ಅನ್ವಯಿಸದ ಕಾರಣ ನಮ್ಮ ಗಂಜಿನ ಅಡತಿ ವ್ಯಾಪಾರಿಗಳಿಗೆ ಬಿಲ್ಲಿನ ಮಹತ್ತ್ವ ಇನ್ನೂ ಹೆಚ್ಚು.

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಶೇಕಡಾ 18ರ ಜಿಎಸ್‌ಟಿ ದರವಿದೆ. ಅದಕ್ಕೆ ಮೊದಲು ಬಹುಪಾಲು ಭಾಗಗಳಿಗೆ ಶೇಕಡಾ 28 ಇತ್ತು. ಚಾಲಕನೂ ಸೇರಿ 13 ಜನರವರೆಗಿನ ಆಸನಗಳ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ ತೆತ್ತ ತೆರಿಗೆಯು, ಟ್ಯಾಕ್ಸಿಯಂತಹ ಕೆಲವು ವ್ಯವಹಾರಗಳನ್ನು ಬಿಟ್ಟು, ಹುಟ್ಟುವಳಿ ತೆರಿಗೆ ಜಮೆಯಾಗಿ ದೊರೆಯುವುದಿಲ್ಲ. ಸರಕು ಸಾಗಿಸುವ ವಾಹನಕ್ಕೆ ಈ ನಿರ್ಬಂಧವಿಲ್ಲ.

ಒಂದು ತೌಲನಿಕ ಲೆಕ್ಕವನ್ನು ನೋಡೋಣ. ಇಲ್ಲಿನ ಅಂಕಿಗಳು ತಿಳುವಳಿಕೆಗಾಗಿ ಊಹಿಸಿಕೊಂಡವು.

ಮನೆಯಲ್ಲಿ ಮಾಡಿದಾಗ: ಬಿಲ್ಲಿಲ್ಲದ ಹಳೆಯ ಚಕ್ರ 4,000, ಕೆಲಸದಲ್ಲಿ ತುಂಡಾದ ಕ್ಲಾಕ್ ಸ್ಪ್ರಿಂಗ್ 6,000, ಸ್ಕ್ಯಾನರ್ ಪರೀಕ್ಷೆ 1,000, ಅಲೈನ್‌ಮೆಂಟ್ 800, ಕಾರನ್ನು ಗ್ಯಾರೇಜಿಗೆ ಎಳೆದೊಯ್ದ ಬಾಡಿಗೆ 3,500. ಒಟ್ಟು 15,300 ರೂಪಾಯಿ.

ಗ್ಯಾರೇಜಿನಲ್ಲಿ ಮಾಡಿಸಿದಾಗ: ಹೊಸ ಚಕ್ರ 8,000, ಕೂಲಿ 1,200, ಎರಡಕ್ಕೂ ಶೇಕಡಾ 18ರಂತೆ ತೆರಿಗೆ 1,656, ಬೇರೆ ಅಂಗಡಿಯಲ್ಲಿ ಅಲೈನ್‌ಮೆಂಟ್ 800. ಒಟ್ಟು 11,656 ರೂಪಾಯಿ.

ವ್ಯತ್ಯಾಸ 3,644 ರೂಪಾಯಿ. ಮೊದಲ ಕ್ರಮದಲ್ಲಿ ಬಿಲ್ಲಿಲ್ಲದ 4,000 ರೂಪಾಯಿಯನ್ನು ಅಧಿಕಾರಿ ಒಪ್ಪದಿದ್ದರೆ, ಶೇಕಡಾ 30ರ ದರದಲ್ಲಿರುವವರಿಗೆ ಇನ್ನೂ 1,200 ರೂಪಾಯಿಯ ಹೊರೆ. ಎರಡನೆಯ ಕ್ರಮದಲ್ಲಿಯೂ ಒಂದು ಎಚ್ಚರ ಬೇಕು. ಗ್ಯಾರೇಜಿನ ಬಿಲ್ಲು 10,856 ರೂಪಾಯಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟ ವೆಚ್ಚವನ್ನು ಕಾಯಿದೆ ಒಪ್ಪುವುದಿಲ್ಲವಾದ್ದರಿಂದ ಇದನ್ನು ಚೆಕ್ಕು ಅಥವಾ ಯುಪಿಐ ಮೂಲಕವೇ ಪಾವತಿಸಬೇಕು. ಯಾವ ದೋಷವೂ ಬಾರದೆ ಮನೆಯ ಕೆಲಸ ಸಫಲವಾದರೆ ಉಳಿತಾಯ ನಿಜವೇ. ಆದರೆ ಆ ಉಳಿತಾಯಕ್ಕೆ ಎದುರಾಗಿ ನಿಲ್ಲುವುದು ಚಾಲಕನ ಪ್ರಾಣ.

ಸಾರಾಂಶ

ಮೇಲ್ಪದರ ಮಾತ್ರ ಸುಲಿದಿದ್ದರೆ ಉತ್ತಮ ಗುಣಮಟ್ಟದ, ಜಾರದ ಕವರನ್ನು ಏರ್‌ಬ್ಯಾಗಿನ ಭಾಗ ಮುಚ್ಚದಂತೆ ಹೊಲಿಸಿಕೊಂಡರೆ ಸಾಕು. ಚಕ್ರವನ್ನೇ ಬದಲಿಸಬೇಕಾದರೆ ಅದೇ ಮಾದರಿಯದನ್ನೇ ಬಿಲ್ಲು ಸಹಿತ ಕೊಳ್ಳಬೇಕು. ಏರ್‌ಬ್ಯಾಗ್ ಇರುವ ಕಾರನ್ನು ತರಬೇತಿ ಪಡೆದವರ ಕೈಗೊಪ್ಪಿಸಬೇಕು. ಕೆಲಸವಾದ ಮೇಲೆ ಚಕ್ರದ ನೇರ, ಹಾರ್ನ್, ಇಂಡಿಕೇಟರ್ ಮತ್ತು ಏರ್‌ಬ್ಯಾಗ್ ದೀಪ ಈ ನಾಲ್ಕನ್ನೂ ಪರೀಕ್ಷಿಸದೆ ಕಾರನ್ನು ರಸ್ತೆಗಿಳಿಸಬಾರದು. ಬಿಲ್ಲು ಹಾಗೂ ವರದಿಗಳ ಒಂದೊಂದು ಪ್ರತಿಯನ್ನು ವಿಮಾ ಪಾಲಿಸಿಯೊಡನೆ ಇಟ್ಟುಕೊಳ್ಳಬೇಕು. ಈ ಐದು ಸೂಚನೆಗಳನ್ನು ಸದಸ್ಯ ಬಂಧುಗಳು ತಮ್ಮ ಚಾಲಕರಿಗೂ ತಿಳಿಸಿಕೊಡಬೇಕೆಂದು ವಿನಂತಿ.