ಮೊಡವಿಗೆ ಬೇವಿನ ತಪ್ಪಲ ಹಚ್ಚಬಹುದೇನ್ರಿ?

ಸೇಡಂನ ತಾಯಿಯೊಬ್ಬರ ಪ್ರಶ್ನೆ: ಮಗಳು ಪಿಯುಸಿ ಓದ್ತಾಳ. ಮಾರಿ ತುಂಬ ಮೊಡವಿ ಆಗ್ಯಾವ್ರಿ. ದಿನಾ ಬೇವಿನ ತಪ್ಪಲ, ಅರಿಶಿಣ ಅರೆದು ಹಚ್ಚತೀವಿ. ಬೇವು ಕ್ರಿಮಿ ಕೊಲ್ತದ ಅಂತಾರ, ಮತ್ತ ಮೊಡವಿ ಯಾಕ ಹೋಗವಲ್ವು?

ಉತ್ತರ: ಬೇವು ಕ್ರಿಮಿ ಕೊಲ್ಲುವುದು ನಿಜ. ಮೊಡವೆಗೆ ಸಂಬಂಧಿಸಿದ ‘ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನೆಸ್’ ಎಂಬ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಬೇವಿನ ಸಾರ ಪ್ರಯೋಗಾಲಯದ ತಟ್ಟೆಯಲ್ಲಿ ತಡೆದಿದೆ. ಅರಿಶಿನದ ಕರ್ಕ್ಯುಮಿನ್‌ಗೂ ಆ ಗುಣವಿದೆ. ಆದರೆ ತಟ್ಟೆಯಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಅಡಗಲು ಜಾಗವಿಲ್ಲ. ಮುಖದಲ್ಲಿ ಅದು ಕೂದಲ ಬುಡದ ರಂಧ್ರದೊಳಗೆ, ಜಿಡ್ಡಿನ ನಡುವೆ ಇರುತ್ತದೆ. ನೀರಲ್ಲಿ ಅರೆದ ಎಲೆ ಅರ್ಧ ತಾಸು ಚರ್ಮದ ಮೇಲೆ ಒಣಗಿದರೆ ಅಷ್ಟು ಆಳಕ್ಕೆ ಇಳಿಯುವುದು ಕಷ್ಟ. ಮೇಲಾಗಿ ಬ್ಯಾಕ್ಟೀರಿಯಾ ಒಂದು ಕಾರಣ ಮಾತ್ರ. ಹರೆಯದಲ್ಲಿ ಆಂಡ್ರೊಜೆನ್ ಹಾರ್ಮೋನು ಜಿಡ್ಡು ಹೆಚ್ಚಿಸುತ್ತದೆ, ಸತ್ತ ಜೀವಕೋಶಗಳು ರಂಧ್ರದ ಬಾಯಿ ಕಟ್ಟುತ್ತವೆ, ಬಳಿಕ ಉರಿಯೂತ. ಅರೆದ ಬೇವು ಇದೆಲ್ಲವನ್ನೂ ಸರಿಪಡಿಸಲಾರದು.

ಹಾಗೆಂದು ಸಸ್ಯೌಷಧವನ್ನು ಕಡೆಗಣಿಸಬೇಕಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ವೈದ್ಯ ಉಗ್ರಾದಿತ್ಯಾಚಾರ್ಯ ಮಾಂಸವಿಲ್ಲದ ಚಿಕಿತ್ಸೆಯ ಪರ ವಾದಿಸಿದ್ದು ಆ ಆಚಾರ್ಯನ ವೈದ್ಯಗ್ರಂಥ ‘ಕಲ್ಯಾಣಕಾರಕ’ದಲ್ಲಿದೆ. ಆದರೆ ಇಂದಿನ ಪ್ರಶ್ನೆ ಪ್ರಮಾಣದ್ದು: ಯಾವ ಸಾರ, ಶೇಕಡ ಎಷ್ಟು, ಎಷ್ಟು ವಾರ? ಅಳೆದು ನೋಡಿದ ಉದಾಹರಣೆ ಟೀ ಟ್ರೀ ಎಣ್ಣೆ. ಇದು ಚಹಾ ಗಿಡದ್ದಲ್ಲ, ನೀಲಗಿರಿ ಮರದ ಬಳಗಕ್ಕೆ ಸೇರಿದ ಆಸ್ಟ್ರೇಲಿಯಾದ ಮರದ್ದು. 1990ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರಲ್ಲಿ 124 ರೋಗಿಗಳ ಪೈಕಿ ಕೆಲವರಿಗೆ ಶೇ 5ರ ಟೀ ಟ್ರೀ ಜೆಲ್, ಉಳಿದವರಿಗೆ ವೈದ್ಯರು ಮೊಡವೆಗೆ ಬರೆದುಕೊಡುವ ಬೆಂಜಾಯಿಲ್ ಪೆರಾಕ್ಸೈಡ್ (ಶೇ 5) ಕೊಟ್ಟರು. ಎರಡರಿಂದಲೂ ಮೊಡವೆ ತಗ್ಗಿತು. ಟೀ ಟ್ರೀ ನಿಧಾನ, ಆದರೆ ಉರಿ ಕಡಿಮೆ. ಬಾಟಲಿಯಿಂದ ನೇರ ಹಚ್ಚಿದರೆ ಇದೇ ಎಣ್ಣೆ ಅಲರ್ಜಿ ತರಬಲ್ಲದು, ಹೊಟ್ಟೆಗಂತೂ ಕೊಡಲೇಬಾರದು. ಗೋಧಿ, ಬಾರ್ಲಿಯಲ್ಲೂ ಇರುವ ಅಜೆಲಾಯಿಕ್ ಆಮ್ಲ ಇನ್ನೂ ನೆಚ್ಚಬಹುದಾದ ಔಷಧ. ಅದು ಬ್ಯಾಕ್ಟೀರಿಯಾ ತಗ್ಗಿಸಿ, ಕಟ್ಟಿದ ರಂಧ್ರ ಬಿಡಿಸಿ, ಮೊಡವೆ ಬಿಟ್ಟುಹೋದ ಕಪ್ಪು ಕಲೆಯನ್ನೂ ತಿಳಿಗೊಳಿಸುತ್ತದೆ. ಗರ್ಭಿಣಿಯರಿಗೂ ವೈದ್ಯರು ಇದನ್ನು ಬರೆದುಕೊಡುತ್ತಾರೆ.

ಶಹಾಬಾದ್‌ನಿಂದ: ಕಲಿ ಹೋಗ್ಲಿ ಅಂತ ನಿಂಬಿಹಣ್ಣು ತಿಕ್ಕಿದೆ. ಮಾರಿ ಇನ್ನಷ್ಟು ಕರ್ರಗಾಯ್ತು.

ಉತ್ತರ: ನಿಂಬೆರಸ ಕಟು ಆಮ್ಲ. ಅದರಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತವೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಲಬುರಗಿ ಜಿಲ್ಲೆಯ ಬಿರುಬಿಸಿಲಲ್ಲಿ ಇದು ಬೇಡವೇ ಬೇಡ. ಮೊಡವೆಗೆ ಟೂತ್‌ಪೇಸ್ಟ್ ಹಚ್ಚುವುದೂ ಬೇಡ.

ಚಿತ್ತಾಪುರದಿಂದ: ಮೆಡಿಕಲ್‌ನಾಗ ಕೊಟ್ಟ ಕ್ರೀಮ್ ಹಚ್ಚಿದ್ರ ವಾರದಾಗ ಮಾರಿ ಬೆಳ್ಳಗಾಯ್ತು. ಬಿಟ್ರ ಮೊದಲಿಗಿಂತ ಜಾಸ್ತಿ ಮೊಡವಿ.

ಉತ್ತರ: ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂದಿದೆಯೇ ನೋಡಬೇಕು. ಇವು ಸ್ಟೀರಾಯ್ಡ್‌ಗಳು. ಮೊದಲು ಕೆಂಪು ಇಳಿಸಿ ಮೋಡಿ ಮಾಡುತ್ತವೆ. ಬಳಿಕ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ಮೊಡವೆ ಮುತ್ತುತ್ತದೆ. 2011ರಲ್ಲಿ ಪ್ರಕಟವಾದ, ದೇಶದ ಹಲವು ಕೇಂದ್ರಗಳ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆಯಿದ್ದ 2,926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ನಿಯಮ ಬಿಗಿ ಮಾಡಿದೆ. ಬೇವಿನಿಂದ ಕೆಟ್ಟ ಮುಖಕ್ಕಿಂತ ಈ ಟ್ಯೂಬಿನಿಂದ ಕೆಟ್ಟ ಮುಖವೇ ಹೆಚ್ಚು ಆತಂಕದ್ದು. ಬಿಡುವ ಬಗೆಯನ್ನು ಚರ್ಮವೈದ್ಯರೇ ಹೇಳಬೇಕು.

ವಾಡಿಯಿಂದ: ಸಿಮೆಂಟ್ ಫ್ಯಾಕ್ಟರಿದಾಗ ಕೆಲಸ. ಕುತ್ತಿಗಿ, ಹಣಿ ಮ್ಯಾಲ ಗುಳ್ಳಿ ಎದ್ದು ಭಾಳ ತುರಸ್ತಾವ. ಬೇವಿನ ಎಣ್ಣಿ ಹಚ್ಚಲೇನ್ರಿ?

ಉತ್ತರ: ಬೇಡ. ಮೊಡವೆ ಸಾಮಾನ್ಯವಾಗಿ ನೋಯುತ್ತದೆ, ಇಷ್ಟು ತುರಿಸುವುದಿಲ್ಲ. ಸಿಮೆಂಟ್ ಬೆವರಿನೊಡನೆ ಸೇರಿದರೆ ಕ್ಷಾರ. ಅದರಲ್ಲಿರುವ ಕ್ರೋಮಿಯಂ ಅಲರ್ಜಿ ತರಬಲ್ಲದು. ಬೆವರಿದ ಚರ್ಮದಲ್ಲಿ ಶಿಲೀಂಧ್ರದಿಂದಲೂ ತುರಿಸುವ ಗುಳ್ಳೆ ಏಳುತ್ತವೆ. ಪಾಳಿ ಮುಗಿದ ಕೂಡಲೇ ಸೌಮ್ಯ ಸಾಬೂನಿನಿಂದ ತೊಳೆದು, ವೈದ್ಯರಿಗೆ ತೋರಿಸುವಾಗ ಕೆಲಸ ಏನೆಂದು ಹೇಳಬೇಕು.

ಚಿಂಚೋಳಿಯಿಂದ: ಮೊಡವಿ ಸಲುವಾಗಿ ಕಲಬುರಗಿತನ ಹೋಗಬೇಕೇನ್ರಿ?

ಉತ್ತರ: ಸಣ್ಣ ಮೊಡವೆಗೆ ತಾಲ್ಲೂಕು ಆಸ್ಪತ್ರೆ ಸಾಕು. ಶೇ 2.5ರ ಬೆಂಜಾಯಿಲ್ ಪೆರಾಕ್ಸೈಡ್, ರಾತ್ರಿ ಅಡಾಪಲೀನ್ ಜೆಲ್ ಬರೆದುಕೊಟ್ಟಾರು. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಬೇಕು, ಅಡಾಪಲೀನ್ ಕೊಡುವುದಿಲ್ಲ. ಫಲ ಕಾಣಲು 8ರಿಂದ 12 ವಾರ ಬೇಕು. ಎರಡನೇ ವಾರಕ್ಕೇ ಬೇಸತ್ತು ಬಿಡುವವರೇ ಬಹಳ. ಗಂಟಿನಂಥ ಮೊಡವೆ, ಕುಳಿ ಬೀಳುವ ಕಲೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಏರುಪೇರು ಇಲ್ಲವೆ ಗದ್ದದ ಮೇಲೆ ಕೂದಲು ಕಂಡರೆ ತಡಮಾಡದೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಚರ್ಮವೈದ್ಯರಿಗೆ ತೋರಿಸಬೇಕು. ಈವರೆಗೆ ಹಚ್ಚಿದ ಟ್ಯೂಬು, ಎಣ್ಣೆ, ಲೇಪದ ಪುಡಿ ಎಲ್ಲವನ್ನೂ ಚೀಲದಲ್ಲಿ ಒಯ್ಯುವುದು ಒಳ್ಳೆಯದು. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ, ಹಾಗಾಗಿ ದಿಂಬಿಗೆ ಬಿಳಿ ಹೊದಿಕೆ ಹಾಕಿಕೊಳ್ಳಬೇಕು.